ಮಣ್ಣಿನ ದಿಬ್ಬಗಳ ಆರೈಕೆ: ರಾಖಿಗಢಿಯಿಂದ ಕುಡತಿನಿಯವರೆಗೆ

(ಮಾನೇಸರದಲ್ಲಿ ನಡೆದ ಕನ್ನಡ ಬಂಧುಗಳ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಹೊರನಾಡಿನ ಕನ್ನಡ ವೇದಿಕೆಗೆ ಬಂದವರು ಹಳೇಬೀಡಿನ ಶಿಲ್ಪವನ್ನೋ ಹಂಪೆಯ ವೈಭವವನ್ನೋ ಕುರಿತು ಮಾತನಾಡಬೇಕೆಂಬುದು ರೂಢಿ. ಕಲ್ಲಿನ ಬಗ್ಗೆ ನಮಗೆ ಅಭಿಮಾನ ಹೆಚ್ಚು. ನಾನು ಈ ದಿನ ಆರಿಸಿಕೊಂಡಿರುವುದು ಮಣ್ಣನ್ನು. ಅದೂ ಹೊಲದ ಮಣ್ಣಲ್ಲ, ಮಡಕೆಯ ಮಣ್ಣಲ್ಲ. ಊರುಗಳು ಸತ್ತು ದಿಬ್ಬವಾದ ಮಣ್ಣು. ಸರ್ಕಾರಿ ಸೇವೆಯಲ್ಲಿ ಮೂರು ದಶಕಗಳ ಕಾಲ ಏರಿ, ಒಡ್ಡು, ಕಾಲುವೆಗಳೆಂದು ಮಣ್ಣಿನ ಕೆಲಸವನ್ನೇ ಮಾಡಿಕೊಂಡು ಬಂದವನಾದ್ದರಿಂದ ಈ ವಿಷಯದಲ್ಲಿ ಒಂದೆರಡು ಮಾತನ್ನಾಡಲು ನನಗೆ ಅಧಿಕಾರವಿದೆಯೆಂದು ಭಾವಿಸುತ್ತೇನೆ. ಪುರಾತತ್ವ ನನ್ನ ವೃತ್ತಿಯಲ್ಲ, ವ್ಯಸನ ಮಾತ್ರ.

ನಾವು ವಾಸಿಸುವ ಈ ಹರಿಯಾಣವು ದಿಬ್ಬಗಳ ನಾಡು. ಮಾನೇಸರದ ಸುತ್ತ ಅರಾವಳಿಯ ಬೆಟ್ಟಗಳಿರುವುದರಿಂದ ಇದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕಾರ್ಖಾನೆಗಳ ನಡುವೆ ಬೀಳುವ ಸಂಭವವೂ ಕಡಿಮೆ. ಆದರೆ ರೋಹತಕ್ ದಾಟಿ ವಾಯವ್ಯಕ್ಕೆ ಸಾಗಿದರೆ ಸಮತಟ್ಟಾದ ಗೋಧಿಯ ಹೊಲಗಳ ನಡುವೆ ಇದ್ದಕ್ಕಿದ್ದಂತೆ ನೆಲ ಏಳುತ್ತದೆ. ಅಲ್ಲಿಯ ಜನ ಅದನ್ನು ಥೇಹ್ ಎನ್ನುತ್ತಾರೆ, ಖೇಡಾ ಎನ್ನುತ್ತಾರೆ. ನಮ್ಮಲ್ಲಿ ಹಾಳೂರ ದಿನ್ನೆ ಎಂದಂತೆ. ಒಂದು ಮಣ್ಣಿನ ಮನೆ ಬೀಳುತ್ತದೆ, ಅದರ ಮೇಲೆಯೇ ಮಗ ಇನ್ನೊಂದನ್ನು ಕಟ್ಟುತ್ತಾನೆ, ಅದೂ ಬೀಳುತ್ತದೆ. ಹೀಗೆ ಸಾವಿರ ವರ್ಷ ಬಿದ್ದ ಗೋಡೆ, ಒಲೆಯ ಬೂದಿ, ಒಡೆದ ಮಡಕೆ, ದನದ ಮೂಳೆ ಎಲ್ಲ ಪದರಪದರವಾಗಿ ಕೂಡಿ ದಿಬ್ಬವಾಗುತ್ತದೆ. ಆದುದರಿಂದ ಈ ದಿಬ್ಬವನ್ನು ಪುಸ್ತಕಕ್ಕೆ ಹೋಲಿಸುವುದುಂಟು. ಹೋಲಿಕೆ ಸ್ವಲ್ಪ ಸವೆದಿದೆ. ಆದರೂ ಒಂದಂಶ ನಿಜ. ಪುಟಗಳ ಅನುಕ್ರಮ ತಪ್ಪಿದರೆ ಪುಸ್ತಕವಿಲ್ಲ. ಮಳೆನೀರು ಕೊಚ್ಚಿ ಕೆಳಗೆ ರಾಶಿ ಹಾಕಿದ ಮಣ್ಣಿನಲ್ಲಿ ಮಡಕೆಯ ಚೂರುಗಳೇನೋ ಇರುತ್ತವೆ. ಯಾವುದು ಮೊದಲು, ಯಾವುದು ಅನಂತರ ಎಂಬುದು ಮಾತ್ರ ಎಂದೆಂದಿಗೂ ಇರುವುದಿಲ್ಲ.

ಹಾಂಸಿಯ ಬಳಿ ನಾರನೌಂದ್ ಸೀಮೆಯಲ್ಲಿರುವ ರಾಖಿಗಢಿಯ ಹೆಸರನ್ನು ನೀವು ಕೇಳಿರಬಹುದು. ಕುರುಕ್ಷೇತ್ರ ವಿಶ್ವವಿದ್ಯಾಲಯದ ಸೂರಜ್ ಭಾನ್ ಅವರು 1960ರ ದಶಕದ ಕೊನೆಯಲ್ಲಿ ಇದರ ಮಹತ್ವವನ್ನು ಗುರುತಿಸಿದರು. 1997ರಿಂದ 2000ದವರೆಗೆ ಭಾರತೀಯ ಪುರಾತತ್ವ ಸರ್ವೇಕ್ಷಣದ ಅಮರೇಂದ್ರನಾಥರೂ, 2010ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ವಸಂತ ಶಿಂದೆಯವರೂ ಇಲ್ಲಿ ಉತ್ಖನನ ನಡೆಸಿದರು. ಹರಪ್ಪಾ ನಾಗರಿಕತೆಯ ಅತಿ ದೊಡ್ಡ ನೆಲೆಗಳಲ್ಲಿ ಇದೊಂದು. ಇಲ್ಲಿಯ ಸ್ಮಶಾನದಲ್ಲಿ ದೊರೆತ ಒಬ್ಬ ಹೆಂಗಸಿನ ಅಸ್ಥಿಯಿಂದ ತೆಗೆದ ವಂಶವಾಹಿಯ ವರದಿ 2019ರಲ್ಲಿ ಪ್ರಕಟವಾದಾಗ ದೇಶದ ಪತ್ರಿಕೆಗಳೆಲ್ಲ ಆರ್ಯರ ಪ್ರಶ್ನೆಯ ಬಗ್ಗೆ ಕಾದಾಡಿದವು. ಆ ಕಾದಾಟದಲ್ಲಿ ದಿಬ್ಬದ ಗತಿಯೇನೆಂದು ಕೇಳಿದವರು ವಿರಳ. 2012ರಲ್ಲಿಯೇ ಗ್ಲೋಬಲ್ ಹೆರಿಟೇಜ್ ಫಂಡ್ ಎಂಬ ಸಂಸ್ಥೆಯು ಏಷ್ಯಾದ ಅತ್ಯಂತ ಅಪಾಯದಲ್ಲಿರುವ ಹತ್ತು ತಾಣಗಳಲ್ಲಿ ಇದನ್ನು ಹೆಸರಿಸಿತ್ತು. 2020ರ ಕೇಂದ್ರ ಮುಂಗಡಪತ್ರವು ಇದನ್ನು ಐದು ವಿಶೇಷ ತಾಣಗಳಲ್ಲಿ ಒಂದೆಂದು ಸಾರಿತು.

ಅಲ್ಲಿಗೆ ಮೊದಲ ಸಲ ಹೋದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಹರಪ್ಪಾ ಇಟ್ಟಿಗೆಯಲ್ಲ. ದಿಬ್ಬದ ಮೈಮೇಲೆ ಸಾಲಾಗಿ ನಿಂತಿದ್ದ ಕುಳ್ಳಿನ ಗೂಡುಗಳು. ಹೆಂಗಸರು ಸಗಣಿಯನ್ನು ತಟ್ಟಿ ಒಣಗಿಸಿ, ಒಪ್ಪವಾಗಿ ಪೇರಿಸಿ, ಮೇಲೆ ಹುಲ್ಲು ಸಗಣಿ ಬಳಿದು ಇಡುತ್ತಾರೆ. ಇಲ್ಲಿಯ ಮಾತಿನಲ್ಲಿ ಬಿಟೋಡಾ. ಬಳ್ಳಾರಿ ಸೀಮೆಯವನಾದ ನನಗೆ ಅದನ್ನು ಕಂಡು ನಗೆಯೂ ಬಂತು, ಒಂದು ಬಗೆಯ ನಾಚಿಕೆಯೂ ಆಯಿತು. ಕಾರಣ ಹೇಳುತ್ತೇನೆ.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬಳಿ ಒಂದು ಬೂದಿದಿಬ್ಬವಿದೆ. 1840ರ ದಶಕದಲ್ಲಿ ನ್ಯೂಬೋಲ್ಡ್ ಎಂಬ ಸೈನ್ಯಾಧಿಕಾರಿ ಇದನ್ನು ಕುರಿತು ಬರೆದ. ರಾಬರ್ಟ್ ಬ್ರೂಸ್ ಫೂಟ್ ಬರೆದ, ಸಿವೆಲ್ ಬರೆದ. ಜ್ವಾಲಾಮುಖಿಯೆಂದವರುಂಟು, ಸಾಮೂಹಿಕ ಸಹಗಮನದ ಬೂದಿಯೆಂದವರುಂಟು. ಹಂಪೆಯ ಹತ್ತಿರ ನಿಂಬಾಪುರದ ದಿಬ್ಬವನ್ನು ಜನ ಇಂದಿಗೂ ವಾಲಿಯ ಚಿತಾಭಸ್ಮವೆಂದೇ ಹೇಳುತ್ತಾರೆ. ಈಗಿನ ತೆಲಂಗಾಣದ ಉಟ್ನೂರಿನಲ್ಲಿ 1957ರಲ್ಲಿ ಆಲ್ಚಿನ್ ಅವರು ಅಗೆದಾಗ ದೊಡ್ಡಿಗೆ ನೆಟ್ಟ ಗೂಟಗಳ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ಕಂಡು, ಇವು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ಕೂಡಿದ ಸಗಣಿಯನ್ನು ಸುಟ್ಟ ಬೂದಿಯೆಂಬುದು ಖಚಿತವಾಯಿತು. ಸುರಪುರ ಸೀಮೆಯ ಬೂದಿಹಾಳದಲ್ಲಿ 1990ರ ದಶಕದಲ್ಲಿ ಪದ್ದಯ್ಯನವರು ನಡೆಸಿದ ಉತ್ಖನನ ಈ ಚಿತ್ರಕ್ಕೆ ಮನೆಗಳನ್ನೂ ಮನುಷ್ಯರನ್ನೂ ಸೇರಿಸಿತು. ನಾಲ್ಕೈದು ಸಾವಿರ ವರ್ಷಗಳ ಹಿಂದೆ ನಮ್ಮ ಪೂರ್ವಿಕರು ಸಗಣಿಯನ್ನು ಬೆಟ್ಟದಷ್ಟು ಕೂಡಿಸಿ ಸುಟ್ಟರು; ಅದೇ ಕಾಲದ ಹರಪ್ಪಾ ನಗರದ ಮೇಲೆ ಇಂದಿನ ಹೆಣ್ಣುಮಕ್ಕಳು ಸಗಣಿಯನ್ನು ಕೂಡಿಸಿಡುತ್ತಾರೆ. ಆದುದರಿಂದ ನಗೆ.

ನಾಚಿಕೆಯ ಸಂಗತಿ ಬೇರೆ. ನಮ್ಮೂರ ಹತ್ತಿರವೂ ಅಂಥದೊಂದು ಸಣ್ಣ ದಿಬ್ಬವಿತ್ತು. ಬೂದಿಮಣ್ಣು ಹೊಲಕ್ಕೆ ಒಳ್ಳೆಯದೆಂದು ಪ್ರತಿ ಬೇಸಗೆಯಲ್ಲಿ ಬಂಡಿ ಕಟ್ಟಿ ಹೇರಿ ತರುತ್ತಿದ್ದರು. ನಮ್ಮ ತಾತನ ಬಂಡಿಯೂ ಹೋಗುತ್ತಿತ್ತು, ಆ ಬಂಡಿಯ ಮೇಲೆ ಕುಳಿತು ನಾನೂ ಹೋಗುತ್ತಿದ್ದೆ. ಮೇಲಿನ ಪದರ ಬೆಂದು ಕಿಟ್ಟದಂತೆ ಗಟ್ಟಿಯಾಗಿರುತ್ತದೆ, ಅಡಿಯ ಬೂದಿ ಮೆತ್ತಗೆ. ಅಡಿಯಿಂದ ತೋಡುವುದು ಸುಲಭ. ತೋಡಿದ ಗವಿಯೊಳಕ್ಕೆ ಮಳೆ ನುಗ್ಗಿ, ಮೇಲಿನ ಕಿಟ್ಟದ ಹೆಂಚು ಆಧಾರವಿಲ್ಲದೆ ಮುರಿದು ಬೀಳುತ್ತದೆ. ನಾನು ಕಾಲೇಜು ಮುಗಿಸಿ ಬರುವ ಹೊತ್ತಿಗೆ ಅಲ್ಲಿ ದಿಬ್ಬವಿರಲಿಲ್ಲ, ಜೋಳದ ಹೊಲವಿತ್ತು. ಬೆಳೆ ಚೆನ್ನಾಗಿತ್ತು, ಅದನ್ನೂ ಹೇಳಬೇಕು.

ಮನುಷ್ಯ ತೋಡದಿದ್ದರೂ ದಿಬ್ಬ ಸವೆಯುತ್ತದೆ. ಹಿಸಾರದ ಕಡೆ ವರ್ಷಕ್ಕೆ ಬೀಳುವ ಮಳೆ ಅಲ್ಪ. ಬಹುಪಾಲು ಆಷಾಢ ಶ್ರಾವಣಗಳ ಕೆಲವೇ ದಿನಗಳಲ್ಲಿ ರಭಸದಿಂದ ಸುರಿಯುತ್ತದೆ. ಮಣ್ಣಿಗೆ ಇದಕ್ಕಿಂತ ಕೆಟ್ಟ ಮಳೆ ಇಲ್ಲ. ದಪ್ಪ ಹನಿ ಬರಿಮಣ್ಣನ್ನು ಬಡಿದಾಗ ಕಣಗಳು ಸಿಡಿದು ಸಡಿಲವಾಗುತ್ತವೆ. ಹರಿಯುವ ನೀರು ಆ ಸಡಿಲಾದುದನ್ನು ಹೊತ್ತು ಬೆರಳಗಲದ ಗೀರು ಮಾಡುತ್ತದೆ. ಮುಂದಿನ ಮಳೆಯಲ್ಲಿ ನೀರು ಅದೇ ಗೀರನ್ನು ಹುಡುಕಿ ಬರುತ್ತದೆ, ಗೀರು ಕೊರಕಲಾಗುತ್ತದೆ, ಕೊರಕಲು ತಲೆಯ ಕಡೆಗೆ ತಿನ್ನುತ್ತ ಮೇಲೇರುತ್ತದೆ. ಇದಕ್ಕಿಂತ ವಂಚಕವಾದದ್ದು ಬಿಲದ ನೀರು. ಹೆಗ್ಗಣ ತೋಡಿದ ಬಿಲದೊಳಗೆ ಇಳಿದ ನೀರು ಒಳಗೊಳಗೇ ಸುರಂಗ ಕೊರೆದು ಇಳಿಜಾರಿನ ಬುಡದಲ್ಲೆಲ್ಲೋ ಹೊರಬೀಳುತ್ತದೆ; ಮೇಲೆ ನಿಂತವನಿಗೆ ನೆಲ ಕುಸಿಯುವವರೆಗೆ ತಿಳಿಯುವುದಿಲ್ಲ. ಕೆರೆಯ ಏರಿಯನ್ನು ಕಾಯುವ ನೀರಗಂಟಿಗೆ ಇದೆಲ್ಲ ಗೊತ್ತು.

ಪುರಾತತ್ವಜ್ಞರಿಗೆ ಹಿಡಿಸದ ಮಾತೊಂದನ್ನು ಇಲ್ಲಿ ಹೇಳಬೇಕಾಗಿದೆ. ದಿಬ್ಬದ ದೊಡ್ಡ ಗಾಯ ಅನೇಕ ವೇಳೆ ಉತ್ಖನನವೇ. ನೆಟ್ಟಗೆ ಕಡಿದ ಕಂದಕ ನೋಡಲು ಚೆಂದ; ಪದರಗಳಿಗೆ ಚೀಟಿ ಅಂಟಿಸಿ ಛಾಯಾಚಿತ್ರ ತೆಗೆಯಬಹುದು. ಅದನ್ನು ಮುಚ್ಚದೆ ಬಿಟ್ಟರೆ ಎರಡು ಮಳೆಗಾಲದಲ್ಲಿ ಅದು ಕೊರಕಲಿನ ತಾಯಿಯಾಗುತ್ತದೆ. ಇಂಗ್ಲೆಂಡಿನಲ್ಲಿ ಸಿಲ್ಬರಿ ಹಿಲ್ ಎಂಬ, ಸುಮಾರು 4,400 ವರ್ಷಗಳ ಹಿಂದೆ ಜನ ಕೈಯಾರೆ ಕಟ್ಟಿದ ದಿಬ್ಬವೊಂದಿದೆ. 1776ರಲ್ಲಿ ನಿಧಿಯಾಸೆಯಿಂದಲೋ ಕುತೂಹಲದಿಂದಲೋ ಅದರ ನೆತ್ತಿಯಿಂದ ಬುಡದವರೆಗೆ ಬಾವಿ ತೋಡಿದರು. ಅನಂತರ ಪಕ್ಕದಿಂದ ಸುರಂಗಗಳನ್ನು ಕೊರೆದರು. ಕೊನೆಯದು 1968ರಿಂದ 1970ರವರೆಗಿನ ವಿದ್ವಾಂಸರ ಸುರಂಗ. ಸರಿಯಾಗಿ ತುಂಬದೆ ಬಿಟ್ಟ ಆ ಬಾವಿ 2000ದ ಮೇ ತಿಂಗಳಲ್ಲಿ ನೆತ್ತಿಯಲ್ಲಿ ಬಾಯ್ದೆರೆಯಿತು. 224 ವರ್ಷಗಳ ಹಿಂದಿನ ತಪ್ಪು! ಮೊದಲು ತಾತ್ಕಾಲಿಕವಾಗಿ ಪಾಲಿಸ್ಟೈರೀನ್ ದಿಂಡುಗಳನ್ನು ತುಂಬಿ, 2007ರಲ್ಲಿ ಹಳೆಯ ಸುರಂಗವನ್ನೇ ಮತ್ತೆ ತೆರೆದು ಒಳಹೊಕ್ಕು, ದಿಬ್ಬದ ಜಾತಿಯದೇ ಆದ ಸುಣ್ಣಗಲ್ಲಿನ ಪುಡಿಯನ್ನು ಗಟ್ಟಿಸಿ ತುಂಬಿದರು. ಮುಚ್ಚುವ ಖರ್ಚನ್ನು ತೆಗೆಯುವ ಖರ್ಚಿನ ಜೊತೆಗೇ ಮಂಜೂರು ಮಾಡದ ಯಾವ ಉತ್ಖನನಕ್ಕೂ ಪರವಾನಗಿ ಕೊಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಪರರ ತಪ್ಪನ್ನು ಹೇಳಿದ ಮೇಲೆ ನನ್ನದನ್ನು ಮುಚ್ಚಿಡುವುದು ಸಲ್ಲದು. ಸೇವೆಗೆ ಸೇರಿದ ಹೊಸತರಲ್ಲಿ, ಹೆಸರು ಬೇಡ, ಒಂದು ಹಳೆಯ ಮಣ್ಣುಕೋಟೆಯ ಗೋಡೆಯ ಬುಡ ಸವೆದಿದೆ, ಅಂದಾಜುಪಟ್ಟಿ ಮಾಡಿಕೊಡಿ ಎಂದು ಕೇಳಿದರು. ನಾನು ಎಂಜಿನಿಯರನ ಬುದ್ಧಿಯಿಂದ ಸಿಮೆಂಟಿನ ಗಾರೆ ಬರೆದೆ. ಗಟ್ಟಿಯಾದ ವಸ್ತುವೇ ಒಳ್ಳೆಯ ವಸ್ತುವೆಂಬ ನಂಬಿಕೆ. ಮೂರು ವರ್ಷ ಕಳೆದು ಅದೇ ದಾರಿಯಲ್ಲಿ ಹೋಗುವ ಪ್ರಸಂಗ ಬಂದಾಗ ಇಳಿದು ನೋಡಿದೆ. ಸಿಮೆಂಟು ಹಾಗೆಯೇ ಇತ್ತು. ಬೆರಳಿನಿಂದ ತಟ್ಟಿದರೆ ಖಾಲಿ ಕೊಡದ ಸದ್ದು. ಒಳಗಿನ ಮಣ್ಣು ಉಸಿರಾಡಲಾರದೆ, ನೆಲದಿಂದ ಏರಿದ ತೇವ ಹೊರಹೋಗಲಾರದೆ, ಗಾರೆಯ ಹಿಂದೆ ಪುಡಿಪುಡಿಯಾಗಿ ಇಳಿದುಹೋಗಿತ್ತು. ಗೋಡೆಯನ್ನು ಉಳಿಸಲು ಹಾಕಿದ ಕವಚವೊಂದೇ ಉಳಿದಿತ್ತು.

ನಮ್ಮ ಮನೆಯ ಮಾಳಿಗೆಯನ್ನು ನಾನು ನೆನೆದಿದ್ದರೆ ಆ ತಪ್ಪು ಆಗುತ್ತಿರಲಿಲ್ಲ. ಬಯಲುಸೀಮೆಯ ಮಣ್ಣಿನ ಮಾಳಿಗೆ ಕಂಡವರಿಗೆ ಗೊತ್ತು: ಪ್ರತಿವರ್ಷ ಮುಂಗಾರಿಗೆ ಮುಂಚೆ ಮೇಲೆ ಹೊಸ ಮಣ್ಣು ಹಾಕಿ ತುಳಿದು ಬಡಿದು ಇಳಿಜಾರು ಸರಿಮಾಡಬೇಕು. ಆ ವರ್ಷದ ಮಳೆ ಆ ವರ್ಷದ ಮಣ್ಣನ್ನು ತಿಂದುಕೊಂಡು ಹೋಗುತ್ತದೆ, ಮನೆ ಉಳಿಯುತ್ತದೆ. ತಿನ್ನಲೆಂದೇ ಇಟ್ಟ ಪದರ ಅದು. ಸಂರಕ್ಷಣಾ ಶಾಸ್ತ್ರದವರು ಇಂದು ಬಲಿಪದರವೆಂದು ಕರೆದು ಮೊಹೆಂಜೊದಾರೊದಲ್ಲಿಯೂ ಪೆರು ದೇಶದ ಚಾನ್ ಚಾನ್‌ನಲ್ಲಿಯೂ ಬಳಸುವುದು ಇದೇ ತತ್ವವನ್ನು. ನಮ್ಮ ಅಜ್ಜಿಗೆ ಅದಕ್ಕೆ ಹೆಸರಿರಲಿಲ್ಲ, ಕೆಲಸವಿತ್ತು.

ಕೆರೆಯ ವಿಷಯದಲ್ಲಂತೂ ಈ ಜ್ಞಾನ ಶಾಸನವಾಗಿಯೇ ನಿಂತಿದೆ. ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಮಾತುಗಳು ನಮ್ಮ ಶಾಸನಗಳಲ್ಲಿ ಹೇರಳವಾಗಿವೆ. ಕೆರೆ ಕಟ್ಟಿಸಿದವನು ಅದರ ದುರಸ್ತಿಗೆ ಭೂಮಿಯನ್ನೂ, ಮಣ್ಣು ಹೊರಲು ಬಂಡಿಯನ್ನೂ ದತ್ತಿ ಬಿಡುತ್ತಿದ್ದ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಹಾಕಿಸಿದ ಶಾಸನ ಕೆರೆಗೆ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಿಂದ ನೀರು ಜಿನುಗುವುದು ಒಂದು ದೋಷ, ಮಣ್ಣು ಕ್ಷಾರವಾಗಿರುವುದು ಇನ್ನೊಂದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದೂ ದೋಷವೆಂದು ಹೇಳಿದೆ. ಕಾವೇರಿಯ ವಿವಾದವನ್ನು ಬಲ್ಲ ನಾವು ಆ ಶಾಸನಕಾರನಿಗೆ ಕೈಮುಗಿಯಬೇಕು.

ಆದರೆ ಕೆರೆಯ ವಿದ್ಯೆಯನ್ನು ಹಾಗೆಯೇ ತಂದು ಪ್ರಾಚೀನ ದಿಬ್ಬದ ಮೇಲೆ ಹೇರುವಂತಿಲ್ಲ. ಇದು ನಾನು ನಿಧಾನವಾಗಿ ಕಲಿತ ಪಾಠ. ಏರಿಯ ಕೊರಕಲನ್ನು ತುಂಬುವಾಗ ನಾವು ಮಾಡುವ ಮೊದಲ ಕೆಲಸ ಹಳೆಯ ಮೈಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು. ಇಲ್ಲವಾದರೆ ಹೊಸ ಮಣ್ಣು ಹಳತಿಗೆ ಬೆಸೆದುಕೊಳ್ಳದೆ ಜಾರುತ್ತದೆ. ಪ್ರಾಚೀನ ದಿಬ್ಬದಲ್ಲಿ ಹಾಗೆ ಒಂದಂಗುಲ ಕಡಿದರೂ ಒಂದು ಕಾಲಘಟ್ಟ ಹೋಗುತ್ತದೆ. ಕಡಿಯದೆ ಬೆಸೆಯುವುದು ಹೇಗೆ? ಸಡಿಲಾದುದನ್ನು ಮಾತ್ರ ಕೈಯಿಂದ ತೆಗೆದು, ಕೊರಕಲಿನ ಮೈಗೆ ನೀರು ದಾಟುವಂಥ ಬಟ್ಟೆಯನ್ನು ಹಾಸುತ್ತಾರೆ. ಅದು ಹಳತು ಹೊಸತುಗಳ ಗಡಿ. ನೂರು ವರ್ಷಗಳ ಮೇಲೆ ಅಗೆಯುವವನು ಮೋಸಹೋಗಬಾರದು. ಬುಡದಲ್ಲಿ ಮಣ್ಣುಚೀಲಗಳನ್ನೋ ಕಲ್ಲಿನ ಬುಟ್ಟಿಗಳನ್ನೋ ಇಟ್ಟು ಪಾದ ಕೊಡುತ್ತಾರೆ. ಅನಂತರ ದಿಬ್ಬದ್ದಲ್ಲದ, ಆದರೆ ಅದರ ಗುಣವನ್ನೇ ಹೋಲುವ ಮಣ್ಣನ್ನು ಹೊರಗಿನಿಂದ ತಂದು, ಗೇಣಿಗಿಂತ ಕಡಿಮೆ ದಪ್ಪದ ಪದರಗಳಲ್ಲಿ, ಉಂಡೆ ಕಟ್ಟಿದರೆ ನಿಲ್ಲುವಷ್ಟು ಹದವಾದ ತೇವದಲ್ಲಿ, ಕೈದಮ್ಮಸಿನಿಂದ ಬಡಿಯುತ್ತಾರೆ. ದಿಬ್ಬದ ಬುಡದಲ್ಲಿ ಬಿದ್ದಿರುವ ಮಣ್ಣನ್ನೇ ಎತ್ತಿ ತುಂಬುವುದು ಅಗ್ಗವೆಂದು ಗುತ್ತಿಗೆದಾರ ಹೇಳುತ್ತಾನೆ. ಅದರಲ್ಲಿ ಹರಪ್ಪಾ ಚೂರುಗಳಿರುತ್ತವೆ. ಅವನ್ನು ಹೊಸ ತುಂಬಿನಲ್ಲಿ ಸೇರಿಸಿದರೆ ನಾವೇ ಸುಳ್ಳು ಇತಿಹಾಸವನ್ನು ಬರೆದಂತೆ. ಇಷ್ಟೆಲ್ಲ ಮಾಡಿದರೂ ನೆತ್ತಿಯ ನೀರಿಗೆ ಬೇರೆ ದಾರಿ ತೋರಿಸದಿದ್ದರೆ ಎಲ್ಲವೂ ವ್ಯರ್ಥ. ದುರಸ್ತಿ ಆರಂಭವಾಗಬೇಕಾದದ್ದು ಗಾಯದಲ್ಲಲ್ಲ, ನೀರು ಹುಟ್ಟುವ ನೆತ್ತಿಯಲ್ಲಿ.

ಮೇಲೆ ಹೊದಿಸಲು ತೆಂಗಿನ ನಾರಿನ ಅಥವಾ ಸೆಣಬಿನ ಬಲೆ, ಅದರ ಸಂದುಗಳಲ್ಲಿ ಹುಲ್ಲು. ನಾರು ಎರಡು ಮೂರು ವರ್ಷದಲ್ಲಿ ಕೊಳೆತು ಮಣ್ಣಾಗುತ್ತದೆ. ಅಷ್ಟರೊಳಗೆ ಹುಲ್ಲು ಬೇರೂರಬೇಕು. ಯಾವ ಹುಲ್ಲು? ಇಲ್ಲಿ ಕನ್ನಡನಾಡಿನ ಒಂದು ಸಂಗತಿ ನೆನಪಿಗೆ ಬರುತ್ತದೆ. ಗುಂಡ್ಲುಪೇಟೆಯ ಕಡೆಯ ರೈತರು ಹಿಂದಿನಿಂದಲೂ ಹೊಲದ ಬದುವಿನ ಮೇಲೆ ಲಾವಂಚ ನೆಡುತ್ತಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಇಂಥ ಬದುಗಳಿಂದ ಕಲಿತುದನ್ನು ಜಗತ್ತಿನ ನಾನಾ ದೇಶಗಳಿಗೆ ಹಬ್ಬಿಸಿದರು. ಒಡ್ಡಿಗೆ ಲಾವಂಚದಂಥ ಬಂಧು ಇನ್ನೊಂದಿಲ್ಲ. ಬೇರು ಎರಡು ಮೂರು ಮೀಟರ್ ನೆಟ್ಟಗೆ ಇಳಿಯುತ್ತದೆ. ಆದರೆ ಅದೇ ಕಾರಣಕ್ಕೆ ಪ್ರಾಚೀನ ದಿಬ್ಬದ ಮೈಗೆ ಅದು ಬೇಡ, ಅಷ್ಟೂ ಪದರಗಳನ್ನು ಸೂಜಿಯಂತೆ ಚುಚ್ಚುತ್ತದೆ. ಅದಕ್ಕೆ ದಿಬ್ಬದಾಚೆಯ ಕಾಲುವೆಯ ಅಂಚಿನಲ್ಲಿ ಜಾಗ. ಮೈಗೆ ಒಪ್ಪುವುದು ಗಣಪತಿಗೆ ಒಪ್ಪುವ ಗರಿಕೆ, ಇಲ್ಲಿಯವರ ದೂಬ್. ನೆಲಕ್ಕಂಟಿಕೊಂಡು ಹಬ್ಬುತ್ತದೆ, ಬೇಸಗೆಯಲ್ಲಿ ಒಣಗಿ ಸತ್ತಂತೆ ಕಂಡು ಮೊದಲ ಮಳೆಗೆ ಚಿಗುರುತ್ತದೆ.

ಇನ್ನು ಜಾಲಿ. ದೆಹಲಿಯ ದಿಣ್ಣೆಯಿಂದ ನಮ್ಮ ಅರಾವಳಿಯವರೆಗೆ ಆವರಿಸಿರುವ ವಿಲಾಯತಿ ಕೀಕರ್ ಎಂಬುದು ನಾವು ಬಳ್ಳಾರಿ ಜಾಲಿ ಎನ್ನುವ ಗಿಡವೇ. ಮೆಕ್ಸಿಕೋ ಕಡೆಯಿಂದ ಬಂದ ಮುಳ್ಳಿಗೆ ನಮ್ಮ ಜಿಲ್ಲೆಯ ಹೆಸರು ಅಂಟಿದ್ದು ನಮ್ಮ ಗ್ರಹಚಾರ. ದಿಬ್ಬದ ಮೇಲೆ ಅದು ಬೆಳೆದಿದ್ದರೆ ಉತ್ಸಾಹಿಗಳು ಶ್ರಮದಾನವೆಂದು ಜೆ.ಸಿ.ಬಿ. ತಂದು ಬುಡಸಮೇತ ಕೀಳಿಸುತ್ತಾರೆ. ಅದರಷ್ಟು ಅನಾಹುತ ಇನ್ನೊಂದಿಲ್ಲ. ನೆಲಮಟ್ಟಕ್ಕೆ ಕಡಿದು, ಮತ್ತೆ ಚಿಗುರದಂತೆ ನೋಡಿಕೊಂಡು, ಬೇರು ಕೊಳೆತು ಉಂಟಾಗುವ ಪೊಳ್ಳನ್ನು ಆಗಾಗ ತುಂಬುತ್ತಿರಬೇಕು. ಛಾಯಾಚಿತ್ರಕ್ಕೆ ಒದಗದ ಕೆಲಸ. ಆದುದರಿಂದ ನಡೆಯುವುದೂ ಕಡಿಮೆ.

ಮಳೆಯೊಂದೇ ಶತ್ರುವೆಂದು ತಿಳಿಯಬಾರದು. 1932ರಲ್ಲಿ ಸಕ್ಕರ್ ಅಣೆಕಟ್ಟು ಸಿಂಧೂನದಿಗೆ ಬಂದ ಮೇಲೆ ನೀರಾವರಿಯಿಂದ ಅಂತರ್ಜಲ ಏರಿ, ಅದರೊಡನೆ ಲವಣ ಏರಿ, ಮೊಹೆಂಜೊದಾರೊದ ಇಟ್ಟಿಗೆಗಳೊಳಗೆ ಉಪ್ಪಿನ ಹರಳು ಹಿಗ್ಗಿ ಅವನ್ನು ಹಿಟ್ಟಾಗಿಸಿತು. ಯುನೆಸ್ಕೋ 1974ರಿಂದ 1997ರವರೆಗೆ ಅಲ್ಲಿ ದೊಡ್ಡ ಆಂದೋಲನವನ್ನೇ ನಡೆಸಿತು. ಆದರೂ 2022ರ ಆಗಸ್ಟ್ ಮಳೆಯಲ್ಲಿ ಅಲ್ಲಿಯ ಗೋಡೆಗಳು ಕುಸಿದವು. ಕಾಲುವೆ ನೀರಾವರಿಯಿಂದ ಸವಳು ಹೆಚ್ಚುತ್ತಿರುವ ಹರಿಯಾಣದ ದಿಬ್ಬಗಳಿಗೂ ತುಂಗಭದ್ರೆಯ ಅಚ್ಚುಕಟ್ಟಿನ ಬೂದಿದಿಬ್ಬಗಳಿಗೂ ಈ ಕಥೆ ದೂರದ್ದಲ್ಲ.

ಮಣ್ಣಿನ ಮಾತಾಯಿತು, ಮನುಷ್ಯರ ಮಾತನ್ನು ಬಿಡುವಂತಿಲ್ಲ. ರಾಖಿಗಢಿಯ ಎರಡು ದಿಬ್ಬಗಳ ಮೇಲೆ ಇಂದಿಗೂ ಊರಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ ಸಂರಕ್ಷಿತ ಎಲ್ಲೆಯಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. ಸಿರ್ಸಾ ನಗರದ ಥೇಹಡ್ ದಿಬ್ಬದ ಮೇಲೆ ತಲೆಮಾರುಗಳಿಂದ ಇದ್ದ ನೂರಾರು ಕುಟುಂಬಗಳನ್ನು ಹೈಕೋರ್ಟಿನ ಆದೇಶದಂತೆ 2017ರಲ್ಲಿ ಎಬ್ಬಿಸಲಾಯಿತು. ನಮಗೂ ಈ ಅನುಭವ ಹೊಸತಲ್ಲ. 2011ರ ಜುಲೈಯಲ್ಲಿ ಹಂಪೆಯ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಬಾಳಿದವರ ಅಂಗಡಿ ಮನೆಗಳು ಒಂದು ಬೆಳಗ್ಗೆ ನೆಲಸಮವಾದವು. ನಾನು ಸರ್ಕಾರದ ನೌಕರ, ಕಾಯಿದೆಯನ್ನು ಹಳಿಯಲಾರೆ. ಕಾಯಿದೆಯಿಲ್ಲದಿದ್ದರೆ ದಿಬ್ಬಗಳು ಇಟ್ಟಿಗೆ ಗೂಡಿಗೆ ಹೋಗುತ್ತಿದ್ದವು. ಆದರೆ ಒಕ್ಕಲೆಬ್ಬಿಸಿದ ದಿಬ್ಬದ ಕೊರಕಲನ್ನು ಯಾರು ಮುಚ್ಚುವರು? ನೂರು ಎಕರೆಗೆ ಒಬ್ಬಿಬ್ಬರು ಕಾವಲುಗಾರರು ಸಾಕೆ? ಮನೆಯ ಹಿತ್ತಿಲಿನ ಕೊರಕಲಿಗೆ ಒಂದು ಬುಟ್ಟಿ ಮಣ್ಣು ಹಾಕುತ್ತಿದ್ದ ಹೆಂಗಸು ಇಲ್ಲವಾದ ಮೇಲೆ ಆ ಬುಟ್ಟಿ ಯಾರ ತಲೆಯ ಮೇಲೆ? ಹಿಂದೆ ಏರಿಗೆ ಕಟ್ಟುಗೊಡಗೆ ಕೊಟ್ಟಂತೆ, ಆ ಊರಿನವರಿಗೇ ವರ್ಷಕ್ಕೆರಡು ಬಾರಿ, ಮಳೆಗೆ ಮುಂಚೆ ಮತ್ತು ಮಳೆಯ ಅನಂತರ, ದಿಬ್ಬದ ಆರೈಕೆಯ ಕೂಲಿಯನ್ನು ಗೊತ್ತುಮಾಡಬೇಕೆಂದು ನಾನು ಹಲವರ ಮುಂದೆ ವಾದಿಸಿದ್ದೇನೆ. ಟಿಪ್ಪಣಿಗಳು ಕಡತದಲ್ಲಿವೆ.

ಸಂಘದ ಕಾರ್ಯದರ್ಶಿಗಳು ಡಿಸೆಂಬರಿನಲ್ಲಿ ರಾಖಿಗಢಿಗೆ ಒಂದು ಬಸ್ಸು ಹೊರಡಿಸುವುದಾಗಿ ಹೇಳಿದ್ದಾರೆ. ಬೆಳಗ್ಗೆ ಆರಕ್ಕೆ ಮಾನೇಸರ ಬಿಟ್ಟು ರೋಹತಕ್ ಮಾರ್ಗವಾಗಿ ಹೋದರೆ ಹತ್ತರೊಳಗೆ ಮುಟ್ಟಬಹುದು. ಹಿಂದಿನ ದಿನ ಮಳೆ ಬಿದ್ದಿದ್ದರೆ ಪ್ರವಾಸವನ್ನು ಮುಂದಕ್ಕೆ ಹಾಕಿರಿ. ಒದ್ದೆ ಇಳಿಜಾರಿನ ಮೇಲೆ ಐವತ್ತು ಜನ ನಡೆದರೆ ಐವತ್ತು ಗೀರು ಸಿದ್ಧವಾಗುತ್ತವೆ. ಮಕ್ಕಳು ಚೂರುಗಳನ್ನು ಆಯುತ್ತಾರೆ, ಅಲ್ಲಿಯೇ ಇಡಿಸಿರಿ. ಬುತ್ತಿಯನ್ನು ದಿಬ್ಬದ ಕೆಳಗೆ ಬಿಚ್ಚೋಣ. ಹೊರಡುವವರು ಹೆಸರನ್ನು ಈಗಲೇ ಬರೆಸಿದರೆ ಒಳ್ಳೆಯದು. ಸ್ಥಳ ನಲವತ್ತೈದು ಮಂದಿಗೆ ಮಾತ್ರ.